ಬ್ರೇಕ್ ಫೇಲ್ ಆದರೆ ಹೊಣೆ ಯಾರದು?

1952ರ ಮೇ ತಿಂಗಳು. ರಾಜಸ್ಥಾನದ ಲೋಕೋಪಯೋಗಿ ಇಲಾಖೆಯ ಲಾರಿಯೊಂದು ಬರ ಪರಿಹಾರ ಕೆಲಸಕ್ಕೆಂದು ಭೀಲ್ವಾಡಾದಿಂದ ಬಾಂಸ್ವಾಡಾಕ್ಕೆ ಹೊರಟಿತ್ತು. ಇಲಾಖೆಯ ನೌಕರರು ಅದರಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ರೇಡಿಯೇಟರ್ ಕಾಯುತ್ತಿತ್ತು. ಆರೇಳು ಮೈಲಿಗೊಮ್ಮೆ ಚಾಲಕ ಗಾಡಿ ನಿಲ್ಲಿಸಿ, ಇಳಿದು, ನೀರು ಹೊಯ್ಯುತ್ತಿದ್ದ. ಚಿತ್ತೋರಗಢದಿಂದ ಪ್ರತಾಪಗಢಕ್ಕೆ ಎಪ್ಪತ್ತು ಮೈಲಿ. ಅಷ್ಟಕ್ಕೆ ಒಂಬತ್ತು ಗಂಟೆ ಹಿಡಿಯಿತು. ಪ್ರತಾಪಗಢ ದಾಟಿ ನಾಲ್ಕು ಮೈಲಿ ಹೋಗುವಷ್ಟರಲ್ಲಿ ಎಂಜಿನ್ನಿಗೆ ಬೆಂಕಿ ಹತ್ತಿಕೊಂಡಿತು. ಹಾರಿಕೊಳ್ಳಿ ಎಂದು ಚಾಲಕ ಕೂಗಿದ. ಹಾರಿದವರಲ್ಲಿ ಒಬ್ಬರ ತಲೆ ರಸ್ತೆ ಬದಿಯ ಕಲ್ಲಿಗೆ ಬಡಿದು ಪ್ರಾಣ ಹೋಯಿತು.

ಅವರ ಪತ್ನಿ ಸರ್ಕಾರದ ಮೇಲೆ ದಾವೆ ಹೂಡಿದರು. ಕೆಳಗಿನ ಕೋರ್ಟು ಪರಿಹಾರ ಕೊಡಿ ಎಂದಿತು. ನಿರ್ಲಕ್ಷ್ಯ ಸಾಬೀತಾಗಿಲ್ಲ ಎಂದು ಹೈಕೋರ್ಟು ಅದನ್ನು ತಿರುಗಿಸಿತು. ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯ ಮುಗಿಯುವ ಹೊತ್ತಿಗೆ 1974 ಬಂದಿತ್ತು. ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಬರೆದ ತೀರ್ಪಿನ ತಿರುಳು ಇಷ್ಟು: ಚೆನ್ನಾಗಿ ನೋಡಿಕೊಂಡ ಲಾರಿಗೆ ರಸ್ತೆಯಲ್ಲಿ ಸುಮ್ಮಸುಮ್ಮನೆ ಬೆಂಕಿ ಹತ್ತುವುದಿಲ್ಲ. ಹತ್ತಿದೆ ಎಂದರೆ, ಏಕೆ ಹತ್ತಿತು ಎಂದು ಹೇಳಬೇಕಾದವರು ಲಾರಿಯನ್ನು ಇಟ್ಟುಕೊಂಡವರು. ಅದರಲ್ಲಿ ಕೂತು ಸತ್ತವರ ಮನೆಯವರಲ್ಲ. ಎರಡು ದಶಕ ದಾಟಿದ ಮೇಲೆ ಆ ಕುಟುಂಬ ಗೆದ್ದಿತು.

ಅಲ್ಲಿಂದೀಚೆಗೆ ಅರ್ಧ ಶತಮಾನ ಕಳೆದಿದೆ. ಆದರೂ ‘ಬ್ರೇಕ್ ಫೇಲ್ ಆಯ್ತಂತೆ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಗಾಯಾಳುವಿನ ಮನೆಯವರು ಇವತ್ತಿಗೂ ಕೈಚೆಲ್ಲಿ ಕೂರುತ್ತಾರೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿ ಉರುಳಿದಾಗ, ಹೆದ್ದಾರಿಯಲ್ಲಿ ಟೈರು ಸಿಡಿದ ಕಾರು ಡಿವೈಡರ್ ಹಾರಿ ಆಚೆ ಬದಿಯ ಬೈಕಿಗೆ ಬಡಿದಾಗ, ಹಳ್ಳಿ ಬಸ್ಸಿನ ಪಾಟಾ ಕಟ್ಟಾಗಿ ಬಸ್ಸು ಗದ್ದೆಗೆ ಇಳಿದಾಗ, ಸುತ್ತ ನೆರೆದವರ ಬಾಯಲ್ಲಿ ಬರುವುದು ಒಂದೇ ಮಾತು: ‘ಗಾಡಿನೇ ಕೈ ಕೊಟ್ರೆ ಡ್ರೈವರ್ ಏನ್ ಮಾಡ್ತಾನೆ ಪಾಪ?’ ಆ ಕನಿಕರ ಸರಿಯಾದದ್ದೇ. ಆದರೆ ಅದರ ಬೆನ್ನಿಗೇ ಬರುವ ತೀರ್ಮಾನ, ಹಾಗಾದರೆ ಯಾರನ್ನೂ ಕೇಳುವಂತಿಲ್ಲ ಎಂಬುದು, ಶುದ್ಧ ತಪ್ಪು. ಕೆಟ್ಟ ಗಾಡಿಯಿಂದ ಪೆಟ್ಟು ತಿಂದವರಿಗೆ ನಮ್ಮ ಕಾನೂನು ತಕ್ಕಮಟ್ಟಿಗೆ ಉದಾರವಾಗಿಯೇ ಇದೆ. ಆ ಸಂಗತಿ ಅವರಿಗೆ ಸಕಾಲದಲ್ಲಿ ಮುಟ್ಟುತ್ತಿಲ್ಲ ಎಂಬುದೇ ನನ್ನ ಸಂಕಟ.

ಬಾಂಬೆ ಹೈಕೋರ್ಟಿನಿಂದ ಮೇಲೆ ಹೋದ ಒಂದು ಪ್ರಕರಣದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಿತು. ಯಾಂತ್ರಿಕ ದೋಷದಿಂದ ಅಪಘಾತವಾಯಿತು ಎಂದು ಮಾಲೀಕ ಹೇಳಿದರೆ ಸಾಲದು. ಆ ದೋಷ ಎಷ್ಟು ಎಚ್ಚರಿಕೆ ವಹಿಸಿದರೂ ಕಣ್ಣಿಗೆ ಬೀಳದಂಥದ್ದು, ತಾನು ವಹಿಸಬೇಕಾದ ಎಚ್ಚರಿಕೆಯನ್ನೆಲ್ಲ ವಹಿಸಿದ್ದೆ ಎಂದು ಅವನೇ ಸಾಬೀತು ಮಾಡಬೇಕು. ಸಾಬೀತಿನ ಹೊರೆ ಗಾಯಾಳುವಿನ ಮೇಲಿಲ್ಲ. ಅವರು ಬ್ರೇಕಿನ ತಜ್ಞರನ್ನು ಕರೆತರಬೇಕಿಲ್ಲ, ಗ್ಯಾರೇಜಿನ ಬಿಲ್ಲು ಹುಡುಕಬೇಕಿಲ್ಲ.

ಈ ಹೊರೆ ಎಷ್ಟು ಭಾರದ್ದು ಎಂಬುದಕ್ಕೆ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1969ರಲ್ಲಿ ಕೊಟ್ಟ ಒಂದು ತೀರ್ಪು ನೋಡಬೇಕು. ನಮ್ಮ ಕೋರ್ಟುಗಳಲ್ಲಿ ಈಗಲೂ ಅದರ ಪ್ರಸ್ತಾಪ ಬರುತ್ತದೆ. ಇಳಿಜಾರಿನಲ್ಲಿ ಲಾರಿಯೊಂದರ ಬ್ರೇಕು ಹೋಗಿ ಒಬ್ಬ ಮನುಷ್ಯ ಸತ್ತಿದ್ದ. ಬ್ರೇಕ್ ಆಯಿಲ್ ಹರಿಯುವ ಲೋಹದ ಕೊಳವೆ ತುಕ್ಕು ತಿಂದು ತೂತಾಗಿತ್ತು. ತುಕ್ಕು ಹಿಡಿದ ಜಾಗ ಎಂಥದ್ದೆಂದರೆ, ಕೊಳವೆಯನ್ನು ಪೂರ್ತಿ ಬಿಚ್ಚದೆ ಅದು ಕಾಣುತ್ತಿರಲಿಲ್ಲ. ಹಾಗೆ ಬಿಚ್ಚಿ ನೋಡಿ ಎಂದು ಲಾರಿ ತಯಾರಿಸಿದ ಕಂಪನಿಯೂ ಹೇಳಿರಲಿಲ್ಲ. ಮಾಲೀಕರು ನಿಶ್ಚಿಂತೆಯಿಂದ ಇದ್ದರು. ನ್ಯಾಯಾಧೀಶರು ಬೇರೆಯೇ ಪ್ರಶ್ನೆ ಹಾಕಿದರು: ಈ ಲಾರಿ ಇಷ್ಟು ವರ್ಷ ಏನೇನು ಹೊತ್ತಿತ್ತು? ಲೋಹ ತಿನ್ನುವಂಥ ಸರಕು ಸಾಗಿಸಿತ್ತೆ? ಉಪ್ಪು ನೀರಿನಲ್ಲಿ ಓಡಾಡಿತ್ತೆ? ಅದರ ಚರಿತ್ರೆ ಗೊತ್ತಿರುವುದು ನಿಮಗೆ ಮಾತ್ರ, ನೀವೇಕೆ ಹೇಳಲಿಲ್ಲ? ಮಾಲೀಕರಲ್ಲಿ ಉತ್ತರವಿರಲಿಲ್ಲ. ವಿಧವೆ ಗೆದ್ದಳು. ಮಲ್ಪೆ, ಮಂಗಳೂರು ಬಂದರುಗಳಿಂದ ಮೀನು ಹೇರಿಕೊಂಡು, ಉಪ್ಪು ನೀರು ತೊಟ್ಟಿಕ್ಕಿಸುತ್ತ ಘಟ್ಟ ಹತ್ತುವ ಲಾರಿಗಳಿರುವ ನಮ್ಮ ರಾಜ್ಯದಲ್ಲಿ ಆ ಪ್ರಶ್ನೆಗಳನ್ನು ಕೇಳುವ ವಕೀಲರು ಇನ್ನಷ್ಟು ಜನ ಬೇಕು.

ನಿಜ ಹೇಳಬೇಕೆಂದರೆ ಗಾಡಿ ಇದ್ದಕ್ಕಿದ್ದಂತೆ ಕೈ ಕೊಡುವುದು ಅಪರೂಪ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಕಾಲಕಾಲಕ್ಕೆ ಬದಲಾಯಿಸದಿದ್ದರೆ, ಇಳಿಜಾರಿನಲ್ಲಿ ಬ್ರೇಕು ಕಾದಾಗ ಒಳಗಿನ ನೀರು ಆವಿಯಾಗಿ ಪೆಡಲ್ ಮೆತ್ತಗಾಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಸಿದರೆ ಎಂಜಿನ್ನಿನ ಹಿಡಿತ ತಪ್ಪಿ, ಇಡೀ ಭಾರ ಬ್ರೇಕ್ ಲೈನರ್ ಮೇಲೆ ಬಿದ್ದು ಡ್ರಮ್ ಕೆಂಡವಾಗುತ್ತದೆ. ಏರ್ ಬ್ರೇಕಿನ ಪೈಪು ಒಂದು ದಿನದಲ್ಲಿ ಹರಿಯುವುದಿಲ್ಲ. ಮೊದಲು ಸೀಳು ಬಿಡುತ್ತದೆ, ಪ್ರೆಶರ್ ಏರಲು ಹೊತ್ತು ಹಿಡಿಯುತ್ತದೆ, ಡ್ರೈವರ್ ಅದನ್ನು ಮಾಲೀಕನಿಗೆ ಹೇಳಿಯೂ ಇರುತ್ತಾನೆ. ‘ಈ ಟ್ರಿಪ್ ಮುಗಿಸ್ಕೊಂಡ್ ಬಾ, ನೋಡೋಣ’ ಎಂಬ ಉತ್ತರ ಸಿಕ್ಕಿರುತ್ತದೆ. ಕಾರಿನ ಟೈರಿನ ಬಟನ್ ನಡುವೆ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್, ಅಂದರೆ ಕಾನೂನಿನ ಮಿತಿ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದ್ದು. ಎಲ್ಲವೂ ಕಣ್ಣೆದುರೇ ಇರುತ್ತದೆ. ಇದನ್ನು ವಿಧಿಯ ಆಟ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಟೈರು ಸಿಡಿದ ಜೀಪು

ಇನ್ನು ಚಾಲಕನ ತಪ್ಪೂ ಇಲ್ಲ, ಮಾಲೀಕನ ತಪ್ಪೂ ಕಾಣುತ್ತಿಲ್ಲ ಎಂಬ ಸಂದರ್ಭ. ಉತ್ತರ ಪ್ರದೇಶದಲ್ಲಿ 1986ರಲ್ಲಿ ಓಡುತ್ತಿದ್ದ ಜೀಪೊಂದರ ಮುಂದಿನ ಟೈರು ಸಿಡಿಯಿತು. ಜೀಪು ಪಲ್ಟಿಯಾಗಿ, ನಡೆದು ಹೋಗುತ್ತಿದ್ದವರೊಬ್ಬರಿಗೆ ಬಡಿಯಿತು. ಅವರು ತೀರಿಕೊಂಡರು. ಚಾಲಕ ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಪುರಾವೆ ಇಲ್ಲ ಎಂದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಕುಟುಂಬದ ಅರ್ಜಿ ವಜಾ ಮಾಡಿತು. ಅಲಹಾಬಾದ್ ಹೈಕೋರ್ಟು ಹೌದೆಂದಿತು. 2001ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎರಡನ್ನೂ ತಳ್ಳಿಹಾಕಿತು. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರ ಪೀಠ ಇದಕ್ಕೆ ಆಧಾರ ಹುಡುಕಿದ್ದು 1868ರ ಇಂಗ್ಲೆಂಡಿನಲ್ಲಿ. ಅಲ್ಲಿ ಒಬ್ಬನ ಜಮೀನಿನ ಜಲಾಶಯದ ನೀರು ನೆರೆಯವನ ಗಣಿಗೆ ನುಗ್ಗಿದಾಗ, ಅಪಾಯದ ವಸ್ತುವನ್ನು ತಂದಿಟ್ಟುಕೊಂಡವನೇ ಅದರಿಂದಾಗುವ ಹಾನಿಗೆ ಹೊಣೆ, ಅವನ ನಿರ್ಲಕ್ಷ್ಯ ಇರಲಿ ಬಿಡಲಿ, ಎಂಬ ತತ್ವ ಹುಟ್ಟಿತ್ತು. ಮೋಟಾರು ವಾಹನಕ್ಕೂ ಅದನ್ನು ಅನ್ವಯಿಸಬಹುದು ಎಂದು ಪೀಠ ಹೇಳಿ, ಶೇ 9ರ ಬಡ್ಡಿ ಸೇರಿಸಿ ಪರಿಹಾರ ಕೊಡಿಸಿತು. ದಾರಿಹೋಕನ ಪಾಲಿಗೆ ಇದಕ್ಕಿಂತ ದೊಡ್ಡ ರಕ್ಷೆ ಬೇರೆ ಇಲ್ಲ.

ಇಷ್ಟಾದರೂ ವಿಮಾ ಕಂಪನಿಗಳು ಟೈರು ಸಿಡಿಯುವುದನ್ನು ದೇವರ ಲೆಕ್ಕಕ್ಕೆ ಬರೆಯುವುದನ್ನು ಬಿಟ್ಟಿಲ್ಲ. 2010ರ ಅಕ್ಟೋಬರ್‌ನಲ್ಲಿ ಪುಣೆಯಿಂದ ಮುಂಬೈಗೆ ಹೊರಟ ಕಾರಿನ ಹಿಂದಿನ ಟೈರು ಸಿಡಿದು 38 ವರ್ಷದವರೊಬ್ಬರು ಸತ್ತರು. ನ್ಯಾಯಮಂಡಳಿ 1.25 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಇದು ದೈವಾಧೀನ ಘಟನೆ, ನಾವು ಹೊಣೆಯಲ್ಲ ಎಂದು ಕಂಪನಿ ಬಾಂಬೆ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎಸ್.ಜಿ. ಡಿಗೆ 2023ರಲ್ಲಿ ಆ ವಾದವನ್ನು ಒಪ್ಪಲಿಲ್ಲ. ಅತಿ ವೇಗ, ಗಾಳಿ ಕಡಿಮೆ ಅಥವಾ ಹೆಚ್ಚಾದದ್ದು, ಹಳೆಯ ಟೈರು ಹಾಕಿದ್ದು, ಬಿಸಿ: ಟೈರು ಸಿಡಿಯುವುದಕ್ಕೆ ಕಾರಣಗಳಿರುತ್ತವೆ, ಪ್ರಯಾಣಕ್ಕೆ ಮುಂಚೆ ಟೈರು ನೋಡಬೇಕಾದ್ದು ಓಡಿಸುವವರ ಕರ್ತವ್ಯ ಎಂದರು.

ನಿರ್ಲಕ್ಷ್ಯದ ಚರ್ಚೆಯೇ ಬೇಡ ಎನ್ನುವವರಿಗೆ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಇದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಯಾರ ತಪ್ಪು ಎಂದು ಹೇಳುವ ಅಗತ್ಯವೂ ಇಲ್ಲ. ಆದರೆ ಇದನ್ನು ಒಪ್ಪಿ ಹಣ ತೆಗೆದುಕೊಂಡರೆ 166ನೇ ಸೆಕ್ಷನ್ನಿನಡಿ ಹಾಕಿದ ದೊಡ್ಡ ಕ್ಲೇಮ್ ಅರ್ಜಿ ಬಿದ್ದುಹೋಗುತ್ತದೆ. ಕಾಲು ಕಳೆದುಕೊಂಡ ಯುವಕನೊಬ್ಬ ಆಸ್ಪತ್ರೆಯ ಬಿಲ್ಲಿಗೆ ಹೆದರಿ ಎರಡೂವರೆ ಲಕ್ಷಕ್ಕೆ ಸಹಿ ಹಾಕಿದರೆ, ಹತ್ತಾರು ಲಕ್ಷದ ಹಕ್ಕನ್ನು ಬಿಟ್ಟುಕೊಟ್ಟಂತೆ. ಆಸ್ಪತ್ರೆಯ ತುರ್ತಿಗೆ ಬೇರೆ ದಾರಿ ಇದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಇದೆ.

ವರದಿಯ ಕೊನೆಯ ಸಾಲು

ಈಗ ಕ್ಲೇಮ್ ಕೇಸಿನ ಕಡತವೊಂದನ್ನು ಹತ್ತಿರದಿಂದ ನೋಡೋಣ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ವೂಂಡ್ ಸರ್ಟಿಫಿಕೇಟ್, ದೋಷಾರೋಪ ಪಟ್ಟಿ. ಇವುಗಳ ನಡುವೆ ಒಂದೋ ಎರಡೋ ಪುಟದ ಐಎಂವಿ ವರದಿ ಇರುತ್ತದೆ. ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರು ಠಾಣೆಯ ಆವರಣಕ್ಕೆ ಬಂದು ಅಪಘಾತದ ಗಾಡಿಯನ್ನು ನೋಡಿ ಕೊಡುವ ವರದಿ ಅದು. ಮುಂದಿನ ಬಂಪರ್ ಜಖಂ, ಬಲಗಡೆ ಹೆಡ್‌ಲೈಟ್ ಒಡೆದಿದೆ, ರೇಡಿಯೇಟರ್ ಒಳಗೆ ಒತ್ತಿದೆ ಎಂದು ಪಟ್ಟಿ. ಫುಟ್ ಬ್ರೇಕ್, ಹ್ಯಾಂಡ್ ಬ್ರೇಕ್ ಎಂಬ ಅಂಕಣಗಳ ಮುಂದೆ ಸರಿಯಿದೆ, ಇಲ್ಲವೇ ಜಖಂ ಕಾರಣ ಪರೀಕ್ಷಿಸಲಾಗಲಿಲ್ಲ. ಕೊನೆಗೆ ಒಂದು ಸಾಲು: ಅಪಘಾತವು ವಾಹನದ ಯಾವುದೇ ಯಾಂತ್ರಿಕ ದೋಷದಿಂದ ಉಂಟಾಗಿರುವುದಿಲ್ಲ.

ಬ್ರೇಕು ಪರೀಕ್ಷಿಸಲಾಗಲಿಲ್ಲ ಎಂದ ಮೇಲೂ ದೋಷವಿಲ್ಲ ಎಂಬ ಈ ಸಾಲು ಬರುವುದುಂಟು. ಆ ನಿರೀಕ್ಷಕರನ್ನೊಬ್ಬರನ್ನೇ ದೂರಿ ಫಲವಿಲ್ಲ. ಎಫ್‌ಸಿ, ಲೈಸೆನ್ಸ್ ಪರೀಕ್ಷೆ, ರಸ್ತೆ ತಪಾಸಣೆ ಎಲ್ಲವೂ ಅವರ ತಲೆಯ ಮೇಲೇ ಇದೆ. ಚಕ್ರ ಬಿಚ್ಚಿ, ಡ್ರಮ್ ತೆಗೆದು ನೋಡಲು ಠಾಣೆಯಲ್ಲಿ ಜಾಕೂ ಇಲ್ಲ, ಮೆಕ್ಯಾನಿಕ್ಕೂ ಇಲ್ಲ. ಆದರೆ ಒಂದು ಅಪಘಾತದ ಸತ್ಯ ಆ ಸಾಲಿನೊಂದಿಗೆ ಮುಚ್ಚಿಹೋಗುತ್ತದೆ.

ಆ ಸಾಲು ಯಾರಿಗೆ ಒಳ್ಳೆಯದು, ಯಾರಿಗೆ ಕೆಟ್ಟದ್ದು ಎಂಬ ಲೆಕ್ಕ ವಿಚಿತ್ರವಾಗಿದೆ. ನ್ಯಾಯಮಂಡಳಿಯಲ್ಲಿ ಗಾಯಾಳುವಿಗೆ ಅದು ಅನುಕೂಲ. ಗಾಡಿಯಲ್ಲಿ ದೋಷವಿಲ್ಲ ಎಂದಾದರೆ ತಪ್ಪು ಚಾಲಕನದೇ, ಮಾಲೀಕ ಹೊಣೆ, ವಿಮಾ ಕಂಪನಿ ಹಣ ಕಟ್ಟಬೇಕು. ಅದಕ್ಕೇ ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಬ್ರೇಕಿನ ಮಾತೆತ್ತಿದಾಗ ‘ಬ್ರೇಕ್ ಫೇಲ್ ಆಗಿ ಅಪಘಾತವಾಯಿತು ಎಂದರೆ ಸರಿಯಲ್ಲ’ ಎಂಬ ಉತ್ತರ ದಾಖಲಾಗುತ್ತದೆ. ಗಾಯಾಳುವಿಗೆ ನಿಜವಾಗಿ ಏನೂ ಗೊತ್ತಿರುವುದಿಲ್ಲ. ಪ್ರಜ್ಞೆ ಬಂದದ್ದು ಆಸ್ಪತ್ರೆಯಲ್ಲಿ. ಇತ್ತ ಚಾಲಕನ ಪಾಲಿಗೆ ಅದೇ ಸಾಲು ಶಿಕ್ಷೆಯ ದಾರಿ. ಸವೆದ ಲೈನರ್ ಬದಲಿಸದೆ ಗಾಡಿ ಕಳಿಸಿದ ಮಾಲೀಕನ ತಪ್ಪಿಗೆ ತಿಂಗಳ ಸಂಬಳದ ಡ್ರೈವರ್ ಕಟಕಟೆ ಹತ್ತುತ್ತಾನೆ. ಇನ್ನು ದೋಷ ಕಾರ್ಖಾನೆಯಿಂದಲೇ ಬಂದದ್ದಾಗಿದ್ದರೆ, ತಯಾರಿಸಿದ ಕಂಪನಿಯನ್ನು ಪ್ರಶ್ನಿಸುವ ಬಾಗಿಲಿಗೆ ಅದೇ ಸಾಲು ಬೀಗ ಹಾಕುತ್ತದೆ. ಯಾರು ಹಣ ಕೊಡಬೇಕು ಎಂಬ ಪ್ರಶ್ನೆಗೆ ನಮ್ಮ ವ್ಯವಸ್ಥೆ ಚೆನ್ನಾಗಿ ಉತ್ತರ ಕೊಡುತ್ತದೆ. ಆ ಗಾಡಿ ಏಕೆ ಕೆಟ್ಟಿತು ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಅದೇ ದೋಷದ ಇನ್ನೊಂದು ಗಾಡಿ ನಾಳೆ ಅದೇ ಘಟ್ಟ ಇಳಿಯುತ್ತದೆ.

ಸ್ಟೇರಿಂಗ್ ಹಿಡಿದವರ ಪಾಡು

ಪೆಟ್ಟು ತಿಂದವರು ಹೊರಗಿನವರಾಗಿರದೆ ಓಡಿಸುತ್ತಿದ್ದವರೇ ಆಗಿದ್ದರೆ ಕಥೆ ಪೂರ್ತಿ ಬದಲಾಗುತ್ತದೆ. 2014ರ ಜೂನ್ 18ರಂದು ಮಲ್ಲಸಂದ್ರದಿಂದ ಅರಸೀಕೆರೆಗೆ ಹೊರಟ ಕಾರು ಮಗುಚಿ, ಓಡಿಸುತ್ತಿದ್ದವರು ತೀರಿಕೊಂಡರು. ಜೊತೆಗೆ ಅಪ್ಪ, ಸೋದರಿ, ಆಕೆಯ ಮಕ್ಕಳು ಇದ್ದರು. ಟೈರು ಸಿಡಿದು ಹೀಗಾಯಿತು ಎಂದು ಕುಟುಂಬ ಹೇಳಿತು. 80 ಲಕ್ಷ ರೂಪಾಯಿ ಪರಿಹಾರ ಕೇಳಿತು. ಅತಿ ವೇಗ, ಅಜಾಗರೂಕತೆ ಎಂದು ಪೊಲೀಸರ ದೋಷಾರೋಪ ಪಟ್ಟಿ ಹೇಳಿತು. ನ್ಯಾಯಮಂಡಳಿ, ಕರ್ನಾಟಕ ಹೈಕೋರ್ಟು, ಕೊನೆಗೆ 2025ರ ಜುಲೈ 2ರಂದು ಸುಪ್ರೀಂ ಕೋರ್ಟು, ಮೂರೂ ಕಡೆ ಕುಟುಂಬ ಸೋತಿತು. ತಮ್ಮದೇ ತಪ್ಪಿನಿಂದ ಸತ್ತವರ ವಾರಸುದಾರರು ವಿಮಾ ಕಂಪನಿಯಿಂದ ಈ ಬಗೆಯ ಪರಿಹಾರ ಕೇಳಲಾಗದು ಎಂಬುದು ಕಾನೂನು.

ಈ ತೀರ್ಪಿನ ಸುದ್ದಿ ಓದಿದಾಗ ನನ್ನ ಮನಸ್ಸು ನಿಂತದ್ದು ಆ ಟೈರಿನ ಮೇಲೆ. ಟೈರು ಮೊದಲು ಸಿಡಿಯಿತೋ, ಕಾರು ಮಗುಚಿದ ಮೇಲೆ ಹರಿಯಿತೋ ಎಂಬುದನ್ನು ತಜ್ಞರು ಟೈರು ನೋಡಿ ಅಂದಾಜಿಸಬಲ್ಲರು. ಒಳಗಿನ ತಂತಿಗಳು ಬಿಚ್ಚಿಕೊಂಡ ರೀತಿ, ಪಕ್ಕದ ರಬ್ಬರು ಸುಟ್ಟ ಗುರುತು, ರಿಮ್ಮಿನ ಸೊಟ್ಟ, ಎಲ್ಲವೂ ಸುಳಿವೇ. ಆದರೆ ಅದಕ್ಕೆ ಟೈರು ಉಳಿದಿರಬೇಕು. ಕೋರ್ಟು ಮಧ್ಯಂತರ ಸುಪರ್ದಿಗೆ ಬಿಟ್ಟ ಗಾಡಿ ಗ್ಯಾರೇಜಿಗೆ ಹೋಗುತ್ತದೆ. ರಿಪೇರಿ ದುಬಾರಿಯಾದರೆ ವಿಮಾ ಕಂಪನಿ ಲೆಕ್ಕ ಮುಗಿಸಿ ಗುಜರಿಗೆ ದಾಟಿಸುತ್ತದೆ. ಮನೆಯಲ್ಲಿ ತಿಥಿ ಮುಗಿಯುವ ಮೊದಲೇ ಸಾಕ್ಷಿ ಕರಗಿ ಕಬ್ಬಿಣವಾಗಿರುತ್ತದೆ.

ಸ್ವಂತ ಗಾಡಿ ಓಡಿಸುವವರಿಗೆ ಇರುವ ಆಸರೆ ಪಾಲಿಸಿಯೊಳಗಿನ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ. ಪ್ರೀಮಿಯಂ ಉಳಿಸಲು ಅದನ್ನು ಕೈಬಿಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾರಿನಲ್ಲಿ ಜೊತೆಗೆ ಕೂತವರಿಗೂ, ಬೈಕಿನ ಹಿಂದೆ ಕೂತವರಿಗೂ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ರಕ್ಷಣೆ ಸಿಗುವುದಿಲ್ಲ. ಸಮಗ್ರ ಪಾಲಿಸಿ ಬೇಕು. ಸಂಬಳದ ಡ್ರೈವರ್‌ಗಳಿಗೆ ಇನ್ನೊಂದು ದಾರಿ ಇದೆ: 1923ರ ನೌಕರರ ಪರಿಹಾರ ಕಾಯ್ದೆ ತಂದ ಹಕ್ಕು. ಅಲ್ಲಿ ಯಾರ ನಿರ್ಲಕ್ಷ್ಯವನ್ನೂ ತೋರಿಸಬೇಕಿಲ್ಲ. ಕೆಲಸದ ನಡುವೆ ಪೆಟ್ಟಾಯಿತು ಎಂದರೆ ಸಾಕು.

ಮೊತ್ತ ಹೇಗೆ ನಿಗದಿಯಾಗುತ್ತದೆ ಎಂಬುದು ಜನರಿಗೆ ತಿಳಿದಿದ್ದರೆ ದಲ್ಲಾಳಿಗಳ ಕೈಗೆ ಸಿಗುವುದು ಕಡಿಮೆಯಾಗುತ್ತದೆ. 32 ವರ್ಷದ ಒಬ್ಬ ಬಡಗಿ, ತಿಂಗಳಿಗೆ 15,000 ಸಂಪಾದನೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,80,000. ಮುಂದೆ ಸಂಪಾದನೆ ಬೆಳೆಯುತ್ತಿತ್ತು ಎಂಬುದಕ್ಕೆ, ನಲವತ್ತರೊಳಗಿನ ಸ್ವಂತ ದುಡಿಮೆಯವರಿಗೆ, 2017ರ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪಿನಂತೆ ಶೇ 40 ಸೇರಿಸಬೇಕು: 2,52,000. ಈ ವಯಸ್ಸಿಗೆ ಅದೇ ಕೋರ್ಟಿನ 2009ರ ತೀರ್ಪೊಂದರ ಕೋಷ್ಟಕ ಹೇಳುವ ಗುಣಕ 16. ದುಡಿಯುವ ಶಕ್ತಿಯಲ್ಲಿ ಶೇ 30 ಹೋಯಿತು ಎಂದರೆ 12,09,600 ರೂಪಾಯಿ. ಚಿಕಿತ್ಸೆಯ ಖರ್ಚು, ಮಲಗಿದ್ದ ತಿಂಗಳುಗಳ ಕೂಲಿ, ಮುಂದಿನ ಆಪರೇಷನ್, ಅನುಭವಿಸಿದ ನೋವು ಇವಕ್ಕೆಲ್ಲ ಪ್ರತ್ಯೇಕ.

ಇದರಲ್ಲಿ ಜಗಳವೆಲ್ಲ ಆ ಶೇಕಡಾವಾರಿನ ಮೇಲೆ. ಕಾಲಿಗೆ ಶೇ 45 ಎಂದು ಮೂಳೆ ವೈದ್ಯರು ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಎಂದು ಶೇ 15ಕ್ಕೆ ಇಳಿಸುವ ರೂಢಿ ನಮ್ಮಲ್ಲಿದೆ. ಆದರೆ ಸುಪ್ರೀಂ ಕೋರ್ಟು ಕೇಳುವ ಪ್ರಶ್ನೆ ದೇಹದ್ದಲ್ಲ, ದುಡಿಮೆಯದು. ಎಡಗೈ ಕಳೆದುಕೊಂಡ ಗುಮಾಸ್ತನ ಕೆಲಸ ಉಳಿಯಬಹುದು. ಡ್ರೈವರೋ ಬಡಗಿಯೋ ಆಗಿದ್ದರೆ ನಷ್ಟ ಹೆಚ್ಚುಕಡಿಮೆ ನೂರಕ್ಕೆ ನೂರು ಎಂದು ಅದು 2010ರಲ್ಲೇ ವಿವರಿಸಿದೆ. ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ 2014ರಲ್ಲಿ, ಕಾಲು ಕತ್ತರಿಸಬೇಕಾಗಿ ಬಂದ ತರಕಾರಿ ವ್ಯಾಪಾರಿಯ ನಷ್ಟವನ್ನು ಶೇ 85 ಎಂದು ಹಿಡಿಯಿತು. ತರಕಾರಿ ಮಾರುವವನು ಮಾರುಕಟ್ಟೆಗೆ ಹೋಗಬೇಕು, ಹೊರೆ ಎತ್ತಬೇಕು, ತಿರುಗಬೇಕು. ರಶೀದಿ ಇಲ್ಲದ ಅವನ ತಿಂಗಳ 6,500 ರೂಪಾಯಿ ಸಂಪಾದನೆಯನ್ನೂ ನಂಬಿತು. ಆದಾಯದ ದಾಖಲೆ ಇಲ್ಲ ಎಂದು ಹಿಂಜರಿಯುವ ಕೂಲಿಕಾರರಿಗೆ ಈ ತೀರ್ಪನ್ನು ಯಾರಾದರೂ ಓದಿ ಹೇಳಬೇಕು.

ಸಾರಿಗೆ ನಿಗಮದ ಬಸ್ಸಾದರೆ ವಿಮಾ ಕಂಪನಿಯ ಬದಲು ನಿಗಮವೇ ಎದುರುದಾರ. ಹಣ ಕಟ್ಟುವುದು ತಡವಾಗಿ, ಕೋರ್ಟಿನ ಅಮೀನರು ನಿಲ್ದಾಣಕ್ಕೇ ಬಂದು ಬಸ್ಸು ಜಪ್ತಿ ಮಾಡಿದ ಸುದ್ದಿಗಳನ್ನು ಓದುಗರು ನೋಡಿಯೇ ಇರುತ್ತಾರೆ.

ಕಂಪನಿಯನ್ನು ಕೇಳುವವರು

ಮೊಕದ್ದಮೆ ಗಾಡಿ ತಯಾರಿಸಿದ ಕಂಪನಿಯವರೆಗೆ ಹೋಗುವುದು ಗ್ರಾಹಕ ಆಯೋಗದ ದಾರಿಯಲ್ಲಿ. ದೆಹಲಿಯ ಗ್ರಾಹಕರೊಬ್ಬರು 2015ರ ಆಗಸ್ಟ್‌ನಲ್ಲಿ ಹುಂಡೈ ಕ್ರೆಟಾ ಕೊಂಡಿದ್ದರು. 2017ರ ನವೆಂಬರ್‌ನಲ್ಲಿ ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತವಾದಾಗ ಏರ್‌ಬ್ಯಾಗ್ ತೆರೆಯಲಿಲ್ಲ. ತಲೆಗೆ, ಎದೆಗೆ, ಹಲ್ಲಿಗೆ ಪೆಟ್ಟಾಯಿತು. ಡಿಕ್ಕಿಯ ಬಲ ಸಾಕಷ್ಟಿರಲಿಲ್ಲ ಎಂಬುದು ಕಂಪನಿಯ ವಾದ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿನೀತ್ ಸರನ್ ಮತ್ತು ಅನಿರುದ್ಧ ಬೋಸ್ ಅದನ್ನು ಒಪ್ಪಲಿಲ್ಲ. ವೇಗ ಎಷ್ಟು, ಬಲ ಎಷ್ಟು ಎಂದು ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ. ಏರ್‌ಬ್ಯಾಗ್ ಇದೆ ಎಂದು ನಂಬಿ ಕಾರು ಕೊಂಡವನಿಗೆ ಅದು ಬೇಕಾದಾಗ ತೆರೆಯಬೇಕು ಎಂಬುದು ಅವರ ನಿಲುವು. ಕಾರು ಬದಲಿಸಿ ಕೊಡಿ, ಒಟ್ಟು ಮೂರು ಲಕ್ಷ ರೂಪಾಯಿ ಪರಿಹಾರ ಕೊಡಿ ಎಂಬ ಕೆಳಗಿನ ಆಯೋಗಗಳ ಆದೇಶ ಉಳಿಯಿತು.

2020ರ ಜುಲೈನಿಂದ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಅಪಾಯದ ಬಗ್ಗೆ ಎಚ್ಚರಿಕೆ ಕೊಡದಿರುವುದು, ಇವುಗಳಿಂದ ಗಾಯವಾದರೆ ಕಂಪನಿ ಹೊಣೆ. ಕೆಟ್ಟ ರಿಪೇರಿ ಮಾಡಿದ ಸರ್ವಿಸ್ ಸೆಂಟರ್‌ ಕೂಡ ಹೊಣೆ. ದೂರು ಕೊಡಲು ಎರಡು ವರ್ಷ ಕಾಲಾವಕಾಶ. ದೋಷ ಪತ್ತೆಗೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ನ್ಯಾಯಮಂಡಳಿಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಇಲ್ಲಿ ಕೇಳಬಹುದು. ಆದರೆ ಪ್ರಯೋಗಾಲಯಕ್ಕೆ ಕಳಿಸಲು ಕೈಯಲ್ಲಿ ಏನಾದರೂ ಉಳಿದಿರಬೇಕು.

ಹಾಗಾಗಿ ಮೊದಲ ದಿನಗಳಲ್ಲಿ ಮಾಡುವುದೇ ಮುಖ್ಯ. ಆಸ್ಪತ್ರೆಗೆ ಸೇರಿಸುವಾಗ ಕೇಸ್ ಶೀಟಿನಲ್ಲಿ ಏನು ಬರೆಸುತ್ತೀರಿ ಎಂಬುದರ ಮೇಲೆ ಎಷ್ಟೋ ಕೇಸು ನಿಂತಿರುತ್ತದೆ. ಪೊಲೀಸರ ಗೊಡವೆ ಬೇಡವೆಂದು ‘ಬೈಕಿನಿಂದ ತಾನೇ ಬಿದ್ದ’ ಎಂದು ಬರೆಸಿ, ಆಮೇಲೆ ಲಾರಿ ಗುದ್ದಿತು ಎಂದರೆ ನಂಬಿಸುವುದು ಕಷ್ಟ. ಎಂಎಲ್‌ಸಿ, ಅಂದರೆ ಆಸ್ಪತ್ರೆಯಿಂದ ಪೊಲೀಸರಿಗೆ ಹೋಗುವ ಮೆಡಿಕೋ-ಲೀಗಲ್ ದಾಖಲೆ, ಆಗಲೇಬೇಕು. ಗಾಡಿಯ ಮಾಲೀಕ ‘ಖರ್ಚು ನಾನು ನೋಡ್ಕೋತೀನಿ, ಸ್ಟೇಷನ್ ಯಾಕೆ’ ಎಂದರೆ ಒಪ್ಪಬೇಡಿ. ಆಸ್ಪತ್ರೆಯ ಎರಡನೆಯ ಬಿಲ್ಲಿಗೆ ಅವನ ಫೋನು ಬಂದ್ ಆಗಬಹುದು. ಬ್ರೇಕು, ಟೈರು, ಸ್ಟೇರಿಂಗ್ ಬಗ್ಗೆ ಅನುಮಾನವಿದ್ದರೆ ಅದನ್ನು ಲಿಖಿತವಾಗಿ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಗಾಡಿ ಆವರಣದಲ್ಲಿರುವಾಗಲೇ ಟೈರಿನ ಅಂಕಿ, ಬಟನ್, ಆಯಿಲ್ ಸೋರಿದ ಕಲೆ, ಒಡೆದ ಪೈಪು ಎಲ್ಲದರ ಫೋಟೊ ತೆಗೆಯಿರಿ. ಬಿಡಿಭಾಗ ಉಳಿಸಿಡಲು, ಬೇರೆ ತಜ್ಞರಿಂದ ತಪಾಸಣೆ ಮಾಡಿಸಲು ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ದೋಷ ನಿಮ್ಮದೇ ಕಾರಿನದಾಗಿದ್ದರೆ, ತಪಾಸಣೆ ಮುಗಿಯುವವರೆಗೆ ಅದನ್ನು ಯಾವ ವರ್ಕ್‌ಶಾಪಿನವರ ಕೈಗೂ ಬಿಚ್ಚಲು ಕೊಡಬೇಡಿ.

2022ರ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 50 ದಿನದೊಳಗೆ ಮಧ್ಯಂತರ ವರದಿಯನ್ನು, 90 ದಿನದೊಳಗೆ ವಿವರ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಅದಕ್ಕಾಗಿ ಕಾಯುತ್ತ ಕೂರದೆ ಅರ್ಜಿ ಹಾಕುವುದು ಕ್ಷೇಮ, ಏಕೆಂದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಆರು ತಿಂಗಳ ಗಡುವು ಇಟ್ಟಿದೆ. ಆ ಗಡುವನ್ನೇ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿ, ತಡವಾಯಿತೆಂಬ ಕಾರಣಕ್ಕೆ ಯಾವ ಅರ್ಜಿಯನ್ನೂ ವಜಾ ಮಾಡಬಾರದು ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ಅದನ್ನು ನೆಚ್ಚಿ ಮಾತ್ರ ಕೂರಬೇಡಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಗುಜರಾತಿನ ಲಾರಿ ಗುದ್ದಿತೆಂದು ಗುಜರಾತಿಗೆ ಅಲೆಯಬೇಕಿಲ್ಲ.

ಗಾಡಿ ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಸರ್ಕಾರದ ಬಾಗಿಲೂ ಒಂದಿದೆ. 2019ರ ತಿದ್ದುಪಡಿಯಿಂದ ಬಂದ 110ಎ ಸೆಕ್ಷನ್ನಿನಡಿ, ಅಪಾಯಕಾರಿ ದೋಷವಿರುವ ಒಂದು ಮಾದರಿಯ ಗಾಡಿಗಳನ್ನೆಲ್ಲ ವಾಪಸು ಕರೆಸಿ ಸರಿಪಡಿಸುವಂತೆ ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. ಆ ದೋಷದ ಮಾಹಿತಿ ಮೂರು ಕಡೆಯಿಂದ ಬರಬಹುದು ಎಂದು ಕಾಯ್ದೆ ಹೇಳುತ್ತದೆ: ನಿಗದಿತ ಪ್ರಮಾಣದ ಮಾಲೀಕರಿಂದ, ಪರೀಕ್ಷಾ ಸಂಸ್ಥೆಯಿಂದ, ಇಲ್ಲವೇ ಬೇರೆ ಯಾವುದೇ ಮೂಲದಿಂದ. ನಮ್ಮ ಜಿಲ್ಲಾ ನ್ಯಾಯಮಂಡಳಿಗಳ ಕಡತಗಳು ಆ ಮೂರನೆಯ ಮೂಲವಾಗಲು ಕಾಯ್ದೆ ತಿದ್ದಬೇಕಿಲ್ಲ. ಠಾಣೆಗೆ ಬರುವ ನಿರೀಕ್ಷಕರ ಜೊತೆ ಒಬ್ಬ ಮೆಕ್ಯಾನಿಕ್ ಬರಲಿ, ಚಕ್ರ ಬಿಚ್ಚಲಿ, ಕಂಡದ್ದನ್ನು ಬರೆಯಲಿ. ದೋಷ ಕಂಡಾಗಲೆಲ್ಲ ಆ ವರದಿಯ ಒಂದು ಪ್ರತಿ ಬೆಂಗಳೂರಿನ ಸಾರಿಗೆ ಆಯುಕ್ತರ ಕಚೇರಿಯಿಂದ ದೆಹಲಿಯ ಸಾರಿಗೆ ಸಚಿವಾಲಯಕ್ಕೆ ಹೋಗಲಿ.